ಲೇಬಲ್ ಓದುವ ಪರೀಕ್ಷೆ

ಮೂರನೇ ಸಾಲಿನ ದಪ್ಪ ಮೀಸೆಯವನು ಕೈಗವಸು ಹಾಕಿದ ಬೆರಳಿನಿಂದಲೇ ಮೂಗು ತುರಿಸಿಕೊಂಡ — ಅದೂ, ಗವಸಿನ ಹೊರಮೈ ವಿಷದ್ದು, ಒಳಮೈ ಮಾತ್ರ ನಿಮ್ಮದು ಎಂದು ಅವಳು ಹೇಳಿ ಬಾಯಿ ಮುಚ್ಚುವಷ್ಟರಲ್ಲಿ — ತುರಿಸಿಕೊಳ್ಳಲಿ, ಮೂಗು ಅವನದು, ಕೀಟನಾಶಕದ ಪಾಠ ಹೇಳಲು ಹನ್ನೊಂದು ವರ್ಷದಿಂದ ಇದೇ ಕೋಣೆ, ಇದೇ ಎಳೆದ ಪರದೆ, ಇದೇ ಮಂಕು ಪ್ರೊಜೆಕ್ಟರು, ಮುಖಗಳು ಮಾತ್ರ ಬೇರೆ, ಯೋಚಿಸಿದರೆ ಅವೂ ಬೇರೆಯಲ್ಲ, ನಲವತ್ತು ಜನ, ನಲವತ್ತು ಸಹಿ, ಸಹಿಯಾದ ಮೇಲೆ ನಿದ್ದೆ, ಊಟದ ಹೊತ್ತಿಗೆ ಸರಿಯಾಗಿ ಎಚ್ಚರ. ವಿಷಕ್ಕೆ ಔಷಧಿ ಅನ್ನುವ ಜನ. ಔಷಧಿ ಹೊಡೆದ್ವಿ ಮೇಡಂ. ಎಷ್ಟು ಹಾಕಿದ್ರಿ? ಒಂದು ಮುಚ್ಚಳ ಜಾಸ್ತೀನೇ ಹಾಕಿದ್ವಿ ಮೇಡಂ, ಇರ್ಲಿ ಅಂತ — ಆ ಇರ್ಲಿ ಎಂಬುದೊಂದನ್ನೇ ಬಾಟಲಿಗೆ ತುಂಬಿ ಮಾರಿದರೆ ಭೂಮಿಯ ಮೇಲೆ ಒಂದು ಕೀಟವೂ ಉಳಿಯುವುದಿಲ್ಲ, ಮನುಷ್ಯನೂ ಉಳಿಯುವುದಿಲ್ಲ. ಗೋಡೆಗೆ ಒರಗಿ ನಿಂತ ಕೀಟನಾಶಕ ಕಂಪನಿಯವನ ಕೈಯಲ್ಲಿ ಹೆಸರು ಅಚ್ಚಾದ ಟೋಪಿಗಳ ಕಟ್ಟು, ಮೇಡಂ ಇದನ್ನ ಹಂಚಿ ಒಂದು ಗ್ರೂಪ್ ಫೋಟೋ ತಗೊಂಡ್ಬಿಡೋಣ, ನಮ್ಮೋರಿಗೆ ಕಳಿಸ್ಬೇಕು — ಟೋಪಿ ಹಾಕುವುದರಲ್ಲಿ ಅವನ ಕೈ ಪಳಗಿದೆ, ಅವಳ ಮೇಲಧಿಕಾರಿಗೂ ಬೇಕಾದದ್ದು ಆ ಫೋಟೋ ಒಂದೇ.

ಮತ್ತೆ ಮುಂದಿನ ಸಾಲಿನಲ್ಲಿ, ಕಾಲು ಚಾಚಿಕೊಂಡು, ಸ್ವಂತ ಮನೆಯ ಜಗಲಿಯಲ್ಲಿ ಕೂತಂತೆ, ಭಾವ. ಅಕ್ಕನ ಗಂಡ. ಇಪ್ಪತ್ತೆಂಟು ವರ್ಷದಿಂದ ಕಂಡವರ ತೋಟಕ್ಕೆಲ್ಲ ಕೂಲಿ ಮಾತಾಡಿಕೊಂಡು ಸಿಂಪಡಿಸುವವನು, ಲೈಸೆನ್ಸಿನ ಅವಧಿ ಇವತ್ತಿಗೆ ಮುಗಿಯುತ್ತದೆ, ಇವತ್ತಿನ ಪರೀಕ್ಷೆಯಲ್ಲಿ ಅವಳು ಪಾಸು ಎಂದು ಬರೆದರೆ ಇನ್ನು ಐದು ವರ್ಷ ಮಾತಿಲ್ಲ, ಬರೆಯದಿದ್ದರೆ ದೊಡ್ಡ ತೋಟದ ಕೆಲಸ ಬೇರೆಯವರ ಪಾಲು. ಬೆಳಿಗ್ಗೆ ಆರಕ್ಕೇ ಅಕ್ಕನ ಫೋನು, ನೋಡೇ, ಅವರು ಎಲ್ಲಾದ್ರೂ ತಡವರಿಸಿದ್ರೆ ಅಷ್ಟು ಜನರ ಮುಂದೆ ಹಿಡ್ಕೋಬೇಡ, ಪಾಸ್ ಮಾಡ್ಬಿಡು, ಅವರು ಕೆಲಸ ಇಲ್ದೆ ಮನೇಲಿ ಕೂತ್ರೆ ನಾನು ಸತ್ತೆ. ಯಾಕೆ, ಭಾವನ ಬಾಯಿಗೇನಾಗಿದೆ, ಅವರೇ ಕೇಳ್ಲಿ. ಅವರೆಲ್ಲಿದ್ದಾರೆ ಮನೇಲಿ, ಗಾಳಿ ಏಳೋಕೆ ಮುಂಚೆ ಒಂದು ತೋಟ ಮುಗಿಸಿ ಅಲ್ಲಿಂದ್ಲೇ ಬರ್ತೀನಿ ಅಂದ್ರು. ಅಲ್ಲಿಂದಲೇ ಬಂದಿದ್ದಾನೆ, ಅದೇ ಅಂಗಿಯಲ್ಲಿ, ಬೆನ್ನು ಭುಜ ಎಲ್ಲ ಒದ್ದೆಯಾಗಿ ಒಣಗಿದ ಕಲೆ, ಕೊಳೆತ ಬೆಳ್ಳುಳ್ಳಿಯಂಥ ನಾತ — ಚಿಕ್ಕವಳಿದ್ದಾಗ ಈ ವಾಸನೆ ಬಂತೆಂದರೆ ಭಾವ ಬಂದ ಎಂದರ್ಥ, ಓಡಿಹೋಗಿ ಬಾಗಿಲು ತೆಗೆಯುತ್ತಿದ್ದಳು, ಆ ಹೆಗಲ ಮೇಲೆ ಹತ್ತಿ ಕೂರುತ್ತಿದ್ದಳು, ಛೆ, ಆ ಮಾತೀಗ ಯಾಕೆ — ಈಗ ಅವನಿಗೆ ಅವಳು ಮೇಡಮ್ಮು. ನಮ್ಮ ನಾದಿನಿ ಬಹಳ ಓದಿದಾಳೆ ಕಣ್ರಯ್ಯಾ, ಪಂಪಿಗೆ ಬರೀ ನೀರು ತುಂಬಿ ವಿಷದ ಪಾಠ ಹೇಳ್ತಾಳೆ — ಮನೆ ತುಂಬ ನೆಂಟರಿದ್ದಾಗ ಅಂದದ್ದು, ಎಲ್ಲ ನಕ್ಕರು, ಅಕ್ಕನೂ ಸೆರಗು ಬಾಯಿಗೆ ಹಿಡಿದು ನಕ್ಕಳು. ಹೌದು, ನೀರೇ. ಪಂಪಿನ ತುದಿಯ ನಾಜಲ್ ಕಟ್ಟಿಕೊಂಡರೆ ಬಾಯಿಟ್ಟು ಊದುವವನಿಗೆ ನೀರಿನ ಬೆಲೆ ಎಲ್ಲಿ ಗೊತ್ತು.

ಒಂದು ಗಂಟೆಯ ಕೆಳಗೆ ಐದು ಲಕ್ಷಣಗಳ ಚಿತ್ರ ಹಾಕಿದಾಗಲೂ ಅಷ್ಟೆ. ವಿಷ ಮೈಗೆ ಹತ್ತಿದವನಿಗೆ ಬೆವರು ಕಿತ್ತುಕೊಂಡು ಬರುತ್ತದೆ, ಬಾಯಲ್ಲಿ ಜೊಲ್ಲು, ರೆಪ್ಪೆ ಅದುರುತ್ತದೆ, ಹೊಟ್ಟೆ ನುಲಿಯುತ್ತದೆ, ಕಣ್ಣಿನ ಪಾಪೆ ಸಾಸಿವೆ ಕಾಳಿನಷ್ಟಾಗುತ್ತದೆ, ಬರೆದುಕೊಳ್ಳಿ. ಯಾರೂ ಬರೆದುಕೊಳ್ಳಲಿಲ್ಲ, ಭಾವ ಎದ್ದು ನಿಂತ, ಮೇಡಂ, ಇದಿಷ್ಟೂ ನನಗೆ ನಿಮ್ಮಕ್ಕನ್ನ ಹೆಣ್ಣು ನೋಡೋಕೆ ಬಂದ ದಿನಾನೇ ಆಗಿತ್ತು, ಇನ್ನೂ ಬದುಕಿದೀನಲ್ಲ — ಕೋಣೆಗೆ ಕೋಣೆಯೇ ನಗು, ಕಂಪನಿಯವನೂ ಹಲ್ಲು ಬಿಟ್ಟ, ಭಾವ ನಕ್ಕು ನಕ್ಕು ಬಾಯಿಂದ ಇಳಿದದ್ದನ್ನು ತೋಳಿನಿಂದ ಒರೆಸಿಕೊಂಡ, ಅಸಹ್ಯ, ಐವತ್ತೆರಡು ವರ್ಷದ ಗಂಡಸು, ಆಮೇಲೆ ಎರಡು ಸಲ ಎದ್ದು ಹೊರಗೆ ಹೋದ, ಬೀಡಿ ಸೇದಲು, ಇನ್ನೇನಕ್ಕೆ.

ಪರೀಕ್ಷೆ ಎಂದರೆ ಇಷ್ಟೆ, ಮೇಜಿನ ಮೇಲೆ ತೊಳೆದಿಟ್ಟ ಖಾಲಿ ಬಾಟಲಿಗಳು, ಕೊಟ್ಟದ್ದನ್ನು ಹಿಡಿದು ಲೇಬಲ್ ಗಟ್ಟಿಯಾಗಿ ಓದಬೇಕು, ಲೀಟರಿಗೆ ಎಷ್ಟು, ಏನು ತೊಡಬೇಕು, ಹೊಡೆದ ಮೇಲೆ ಎಷ್ಟು ದಿನ ತೋಟಕ್ಕೆ ಕಾಲಿಡಬಾರದು. ಮೀಸೆಯವನು ಬಾಟಲಿಯನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು ಇರುವೆ ಸಾಲು ಎಣಿಸಿದ ಹಾಗೆ ಓದಿದ, ಆದರೂ ಓದಿದ. ಭಾವ ಬಂದ, ಬಾಟಲಿಯ ಆಕಾರ ನೋಡಿಯೇ, ಓ ಇದಾ, ಇದು ನಮ್ಮನೆ ಮಗು ಇದ್ದ ಹಾಗೆ ಅಂದ, ಶುರು ಮಾಡಿದ, ಲೀಟರಿಗೆ ಎರಡು ಮಿಲಿ, ಮುಖಕ್ಕೆ ಮಾಸ್ಕು, ಕೈಗೆ ಗವಸು, ಉದ್ದ ತೋಳಿನ ಅಂಗಿ, ಗಾಳಿಗೆ ಎದುರಾಗಿ ನಿಲ್ಲಬಾರದು, ಒಂದು ದಿನ ತೋಟಕ್ಕೆ ಯಾರೂ ಹೋಗಬಾರದು, ಮಕ್ಕಳಿಂದ ದೂರ ಇಡಿ — ನಿಲ್ಲಿಸದೆ, ಒಂದಕ್ಷರ ತಪ್ಪದೆ, ವಾರ್ತೆ ಓದುವವರ ಗತ್ತಿನಲ್ಲಿ, ಕೋಣೆಯವರು ಚಪ್ಪಾಳೆ ತಟ್ಟಿದರು. ಆದರೆ ಒಂದು ದಿನ ಅಲ್ಲ. ಹೋದ ವರ್ಷ ಲೇಬಲ್ ಬದಲಾಗಿ ಎರಡು ದಿನವಾಗಿದೆ, ಅವಳಿಗೆ ಅದು ಕಾಣುತ್ತಿದೆ, ದಪ್ಪ ಅಕ್ಷರದಲ್ಲಿ, ಯಾಕೆಂದರೆ ಲೇಬಲ್ಲಿನ ಮುಖ ಅವಳ ಕಡೆಗಿದೆ, ಭಾವನ ಕಡೆಗೆ ಇರುವುದು ಬಾಟಲಿಯ ಬೋಳು ಬೆನ್ನು. ಓದಿದ್ದಲ್ಲ, ಒಪ್ಪಿಸಿದ್ದು! ಸಿಕ್ಕಿಬಿದ್ದೆಯಲ್ಲ ಭಾವ, ನೆಂಟರ ಮುಂದೆ ನಕ್ಕೆಯಲ್ಲ — ಎದೆಯಲ್ಲಿ ಸಣ್ಣದೊಂದು ಸುಖ, ಅಕ್ಕ ಹೇಳಿದ್ದು ನೆನಪಾಯಿತು, ನೆನಪಾಗಿಯೂ ಮೊಬೈಲಿನ ಬೆಳಕು ಹಾಕಿದಳು, ಬಾಟಲಿ ತಿರುಗಿಸಿ ಹಿಡ್ಕೊಳ್ಳಿ ಭಾವ, ಈಗ ಓದಿ, ಎಷ್ಟು ದಿನ?

ಭಾವ ತಿರುಗಿಸಿದ. ದೂರ ಹಿಡಿದ, ಹತ್ತಿರ ಹಿಡಿದ. ಬೆಳಕು ಸಾಲ್ದು ಮೇಡಂ, ಇನ್ನೊಂಚೂರು ಹಾಕಿ. ಅವನ ಹಣೆಯಿಂದ ಬೆವರು ಬಾಟಲಿಯ ಮೇಲೆ ತೊಟ್ಟಿಕ್ಕಿತು, ತಲೆಯ ಮೇಲೆ ಫ್ಯಾನು ಭರ್ರೆಂದು ತಿರುಗುತ್ತಿದೆ, ಉಳಿದವರೆಲ್ಲ ತೋಳು ಕಟ್ಟಿ ಕೂತಿದ್ದಾರೆ, ಇವನೊಬ್ಬನಿಗೆ ಯಾಕೆ — ಅವಳು ಬೆಳಕನ್ನು ಮುಖಕ್ಕೆ ಎತ್ತಿದಳು. ಪಾಪೆ. ಬೆಳಕು ಬಿದ್ದರೆ ಯಾರದಾದರೂ ಕಿರಿದಾಗುತ್ತದೆ, ದುಡುಕಬಾರದು, ಬೆಳಕು ತೆಗೆದು ಮನಸ್ಸಿನಲ್ಲೇ ಇಪ್ಪತ್ತು ಎಣಿಸಿದಳು, ಮೀಸೆಯವನನ್ನು ಪಕ್ಕಕ್ಕೆ ಎಳೆದು ನಿಲ್ಲಿಸಿದಳು, ಅದೇ ಬೆಳಕು, ಅಷ್ಟೇ ದೂರದಿಂದ, ಓರೆಯಾಗಿ — ಮೀಸೆಯವನದು ಕರಿಮೆಣಸಿನಷ್ಟಗಲ, ಭಾವನದು ಸಾಸಿವೆ, ಅದಕ್ಕಿಂತಲೂ ಕಿರಿದು, ಸೂಜಿ ಚುಚ್ಚಿ ಬಿಟ್ಟಷ್ಟು. ಎಡಗಣ್ಣಿನ ರೆಪ್ಪೆ ತಾನೇ ತಾನಾಗಿ ಅದುರುತ್ತಿದೆ. ಜೊಲ್ಲು. ಬೀಡಿಗಲ್ಲ ಅವನು ಹೊರಗೆ ಹೋದದ್ದು. ಐದಕ್ಕೆ ಐದು, ಅವಳದೇ ಚಿತ್ರದ ಐದಕ್ಕೆ ಐದೂ ಮುಂದಿನ ಸಾಲಿನಲ್ಲಿ ಕಾಲು ಚಾಚಿ ಕೂತು ಒಂದು ಗಂಟೆ ಅವಳ ಪಾಠ ಕೇಳಿವೆ, ಅವಳು ಮೈತುಂಬ ಅಸಹ್ಯಪಟ್ಟುಕೊಂಡು ಒಂದೊಂದನ್ನೂ ನೋಡಿದ್ದಾಳೆ, ನೋಡಿ ಅವನ ನಡತೆಯ ಲೆಕ್ಕಕ್ಕೆ ಹಾಕಿದ್ದಾಳೆ. ಬೆಳಿಗ್ಗೆ ಯಾವುದು ಹೊಡೆದ್ರಿ ಭಾವ? ಇದೇ, ನಿನ್ನ ಮೇಜಿನ ಮೇಲಿರೋದೇ, ಕೈಗೆ ಗವಸಿರ್ಲಿಲ್ಲ ಅಂತ ಫೇಲ್ ಮಾಡ್ತೀಯಾ? ಅಂಗಿ ಬಿಚ್ಚಿ ಭಾವ. ಹಿಂದಿನಿಂದ ಸಿಳ್ಳೆ. ಇಷ್ಟು ಜನರ ಮುಂದೇನಾ ಮೇಡಂ, ನಿಮ್ಮಕ್ಕಂಗೆ ಗೊತ್ತಾದ್ರೆ — ಬಿಚ್ಚಿ ಅಂದ್ನಲ್ಲ! ತನ್ನ ದನಿ ಅವಳಿಗೇ ಗುರುತು ಸಿಗಲಿಲ್ಲ, ಸಿಳ್ಳೆ ನಿಂತಿತು, ನೀವು ಟೋಪಿ ಬಿಸಾಕ್ರೀ, ಕಾರು ತೆಗೀರಿ, ಕಂಪನಿಯವನು ಓಡಿದ.

ಅಂಗಳದ ನಲ್ಲಿಯ ಕೆಳಗೆ ಭಾವನನ್ನು ಕೂರಿಸಿ, ಗವಸು ತೊಟ್ಟು, ಸೋಪು ಹಚ್ಚಿ ಬೆನ್ನು ಉಜ್ಜುತ್ತಿದ್ದಾಳೆ, ಹೆಗಲು, ಕತ್ತು, ಕಿವಿಯ ಹಿಂದೆ, ಹೆಚ್ಚು ತಿಕ್ಕಬಾರದು, ಚರ್ಮ ಕಿತ್ತರೆ ಇನ್ನಷ್ಟು ಒಳಗೆ ಹೋಗುತ್ತದೆ, ಇದನ್ನೂ ಹನ್ನೊಂದು ವರ್ಷದಿಂದ ಬಾಯಲ್ಲೇ ಹೇಳಿದ್ದು, ಕೈಯಲ್ಲಿ ಇದೇ ಮೊದಲು. ಆಸ್ಪತ್ರೆಗೆ ಇಪ್ಪತ್ತು ನಿಮಿಷ. ಬಾಟಲಿ ತಗೊಂಡಿದ್ದಾಳೆ, ಡಾಕ್ಟರು ಲೇಬಲ್ ಕೇಳುತ್ತಾರೆ. ಲೈಸೆನ್ಸಿನ ಫಾರಂ ಮೇಜಿನ ಮೇಲೆ ಹಾಗೇ ಇದೆ, ಪಾಸೋ ಫೇಲೋ ಬರೆಯಬೇಕು, ಅಕ್ಕನಿಗೆ ಏನೆಂದು, ಮೊದಲು ಯಾವುದು, ಉಸಿರು ಸರಿಯಾಗಿದೆಯಾ, ಉಸಿರು ಎಣಿಸಬೇಕು. ಭಾವ ಒದ್ದೆ ಮುಖ ಎತ್ತಿದ, ನೆತ್ತಿಯ ಮೇಲೆ ಹನ್ನೆರಡರ ಬಿಸಿಲು, ಅಂಗಳದ ಸಿಮೆಂಟು ಕಣ್ಣು ಕುಕ್ಕುತ್ತಿದೆ, ಭಾವ ಕಣ್ಣು ಪಿಳುಕಿಸದೆ ಸೂರ್ಯನ ಕಡೆ ನೋಡುತ್ತಾ, ಈಗ ಮೇಡಂ ಅನ್ನಲಿಲ್ಲ, ಯಾಕೇ ಪುಟ್ಟಿ, ಇಷ್ಟು ಬೇಗ ಕತ್ಲಾಯ್ತು, ಮೋಡ ಏನಾದ್ರೂ ಕಟ್ಟಿದ್ಯಾ ನೋಡು ಅಂದ, ಅವಳು ನೋಡಲಿಲ್ಲ, ಕಾರು ಹಾರ್ನು ಹೊಡೆಯುತ್ತಿದೆ, ಏಳಿ ಭಾವ ಅನ್ನಬೇಕು, ತೋಳು ಹಿಡಿದು ಎಬ್ಬಿಸಬೇಕು, ಫಾರಂ, ಅಕ್ಕ, ಇಪ್ಪತ್ತು ನಿಮಿಷ — ಕಣ್ಣಿನ ನಡುವೆ ಸಾಸಿವೆ — ಇಪ್ಪತ್ತು — ಅಷ್ಟು ಬಿಸಿಲು ಇದೆ, ಅದಕ್ಕೆ ಕಣ್ಣೊಳಗೆ ಹೋಗಲು ದಾರಿ ಅಷ್ಟೇ, ಸಾಸಿವೆ ಕಾಳಿನಷ್ಟು, ಕಪ್ಪಗೆ, ಅಲುಗದೆ, ಸಾಸಿವೆ —