ಗುಣಪಾಲನ ಎಲೆ

ಮಳೆಗಾಲದ ನಡುವಿನ ಆಟಿ ತಿಂಗಳು ಬಂದರೆ ತುಳುನಾಡಿನ ಮನೆಗಳಲ್ಲಿ ಗತಿಸಿದವರಿಗೆ ಬಡಿಸುವುದುಂಟು. ಒಳಕೋಣೆಯಲ್ಲಿ ಎಲೆ ಹಾಕಿ, ಬಡಿಸಿ, ಬಾಗಿಲೆಳೆದು, ಮನೆಯವರು ಹೊರಗೆ ಕಾಯುತ್ತಾರೆ. ಆಮೇಲೆಯೇ ಬದುಕಿರುವವರ ಪಂಕ್ತಿ. ಕಂಕನಾಡಿಯ ಲೋಕನಾಥ ಮಾಸ್ಟ್ರ ಮನೆಯಲ್ಲಿ ಮಾತ್ರ ಎಪ್ಪತ್ತೊಂದರ ಯುದ್ಧದ ನಂತರ ಒಂದು ತಪ್ಪು ನಡೆದುಕೊಂಡು ಬಂದಿತ್ತು. ಯುದ್ಧನೌಕೆಯೊಡನೆ ಮುಳುಗಿದ ಸೋದರಳಿಯ ಗುಣಪಾಲನ ಎಲೆಯನ್ನು ಅವರು ಒಳಗೆ ಹಾಕಗೊಡುತ್ತಿರಲಿಲ್ಲ. ದೇಹ ಸಿಕ್ಕಿಲ್ಲವಲ್ಲ, ಬದುಕಿರಬಹುದು ಎಂದು ಹೊರಗಿನ ಪಂಕ್ತಿಯಲ್ಲಿ, ತಮ್ಮ ಬಲಕ್ಕೆ ಹಾಕಿಸುತ್ತಿದ್ದರು. ಹೆತ್ತ ತಾಯಿ, ಅವರ ತಂಗಿ ಕುಶಲಾ, ಅಣ್ಣ ಹೇಳಿದಲ್ಲೇ ಬಡಿಸುತ್ತಿದ್ದಳು.

ಈಗ ಅವಳ ಕಿರಿಯ ಮಗ ಕರುಣಾಕರನಿಗೂ ನೌಕಾಪಡೆಯಿಂದ ಕರೆ ಬಂದಿತ್ತು. ಹಡಗಿನ ರಿಪೇರಿ ಕೆಲಸ. ಅಳಿಯಸಂತಾನದ ಮನೆ; ಸೋದರಮಾವ ಹೂಂ ಎನ್ನದೆ ಹುಡುಗ ಹೊರಡುವ ಹಾಗಿಲ್ಲ. ಮಾಸ್ಟ್ರು ಹೂಂ ಎನ್ನಲಿಲ್ಲ. ದೇವರ ಕೋಣೆ ಸೇರಿ ಕೂತರು. ಕರುಣಾಕರ ಬಾಗಿಲ ಬಳಿ ನಿಂತ.

“ಮಾವ, ಪೋರ್ಚುಗೀಸರ ಕೈಯಿಂದ ಸಮುದ್ರ ಯಾಕೆ ಜಾರಿತು ಅಂತ ಶಾಲೆಯಲ್ಲಿ ನಮಗೆ ಹೇಳಿಕೊಟ್ಟದ್ದು ನೀವೇ ಅಲ್ಲವಾ?”

“ಎಂತ ಹೇಳಿದ್ದೆ?”

“ಫಿರಂಗಿ ಕಡಿಮೆಯಾಗಿ ಅಲ್ಲ, ಹಡಗಿನ ತಳ ಹುಳ ತಿಂದು ಅಂತ. ಆ ತಳ ನೋಡುವವ ಒಬ್ಬ ಬೇಡವಾ?”

ಮಾಸ್ಟ್ರು ಎದ್ದು ಕೊಡೆ ಹಿಡಿದು ಹೊರಟರು. ಯುದ್ಧವಾದ ಮೇಲೆ ಅವರು ಕಡಲ ಕಡೆ ತಲೆ ಹಾಕಿರಲಿಲ್ಲ. ಆ ದಿನ ಕಾಲು ಬಂದರಿಗೇ ಎಳೆಯಿತು. ಮಳೆಗಾಲಕ್ಕೆಂದು ದಡಕ್ಕೆಳೆದ ಮಂಜಿಗಳು, ಸರಕು ಸಾಗಿಸುವ ಮರದ ಹಡಗುಗಳು, ಸಾಲಾಗಿ ನಿಂತಿದ್ದವು. ಒಂದರ ಅಡಿಯಲ್ಲಿ ಆಳುಗಳು ತಳಕ್ಕಂಟಿದ ಚಿಪ್ಪು ಕೆರೆದು ಎಣ್ಣೆ ಬಳಿಯುತ್ತಿದ್ದರು. ಪಕ್ಕದಲ್ಲಿ ಮಂಜಿಯ ಒಡತಿ ಆಸ್ಯಮ್ಮ ನಿಂತಿದ್ದಳು. ಅವಳ ಗಂಡ ಹಿಂದೆ ಬೇರೊಂದು ಮಂಜಿಯೊಡನೆ ಕಡಲಿಗೆ ಹೋದವನು ಮರಳಿರಲಿಲ್ಲ. ಈ ಮಂಜಿಯಲ್ಲಿ ಮಗ ಹೋಗುವವನಂತೆ. ಹೆದರಿಕೆ ಇಲ್ಲವೇ ಎಂದು ಮಾಸ್ಟ್ರು ಕೇಳಿದರು.

“ಉಂಟು ಮಾಸ್ಟ್ರೇ. ಅದಕ್ಕೇ ಅಲ್ಲವಾ ಮಳೆಯಲ್ಲಿ ನಿಂತು ತಳ ಉಜ್ಜಿಸುವುದು?” ಎಂದಳು. ಮತ್ತೆ ಸಣ್ಣಗೆ ನಕ್ಕಳು. “ಇವನ ಅಪ್ಪ ತಳದ ವಿಷಯದಲ್ಲಿ ನನ್ನ ಮಾತು ಒಂದೂ ಕೇಳ್ತಿರಲಿಲ್ಲ. ಮಗ ಕೇಳ್ತಾನೆ.”

ಮಾಸ್ಟ್ರು ಬಗ್ಗಿ ಆ ತಳವನ್ನು ನೋಡಿದರು. ಕೆರೆದಲ್ಲೆಲ್ಲ ಹಳೆಯ ಮರ ಹೊಸದರಂತೆ ಕೆಂಪಗೆ ಕಾಣುತ್ತಿತ್ತು. ಯುದ್ಧ ಒಂದೆರಡು ದಿನದ್ದು, ಈ ಕೆಲಸ ವರ್ಷವರ್ಷದ್ದು ಎಂದು ತಾವೇ ತರಗತಿಯಲ್ಲಿ ಹೇಳುತ್ತಿದ್ದುದು ನೆನಪಾಯಿತು. ಹೇಳುವಾಗ ಕೆಲಸ ಮಾಡುವವರ ಮುಖ ಕಣ್ಣ ಮುಂದೆ ಬಂದಿರಲಿಲ್ಲ.

ಬಡಿಸುವ ದಿನ ಕುಶಲಾ ಎಂದಿನಂತೆ ಅಣ್ಣನ ಬಲಕ್ಕೆ ಎಲೆ ಹಾಕಲು ಬಗ್ಗಿದಳು. ಮಾಸ್ಟ್ರು ಅದನ್ನು ಅವಳ ಕೈಯಿಂದ ತೆಗೆದುಕೊಂಡರು. ತಾವೇ ಒಳಗೆ ಒಯ್ದು ಹಿರಿಯರ ಎಲೆಗಳ ಕೊನೆಯಲ್ಲಿ ಹಾಸಿದರು. ಗುಣಪಾಲನಿಗೆ ಇಷ್ಟವಾದ ಕೆಸುವಿನೆಲೆಯ ಪತ್ರೊಡೆಯನ್ನು ಮೊದಲು ಬಡಿಸಿದರು. “ಬಾ ಮಗ, ಉಣ್ಣು. ಇಷ್ಟು ವರ್ಷ ಕಾಯಿಸಿದೆ ನಿನ್ನನ್ನು” ಎಂದು ಕೈಮುಗಿದು ಬಾಗಿಲೆಳೆದರು. ಹೊರಗೆ ಅಣ್ಣ ತಂಗಿ ಇಬ್ಬರೂ ಮನಸಾರೆ ಅತ್ತರು.

ಬಾಗಿಲು ತೆರೆದ ಮೇಲೆ ಪಂಕ್ತಿ ಕೂತಿತು. ಮಾಸ್ಟ್ರ ಬಲಗಡೆ ಜಾಗ ಖಾಲಿಯಿತ್ತು. ಅವರು ಕರುಣಾಕರನತ್ತ ನೋಡಿ ಅಲ್ಲಿ ಮಣೆ ತಟ್ಟಿದರು.

“ಇಲ್ಲಿ ಕೂತುಕೋ. ರಜೆ ಸಿಕ್ಕಿದಾಗೆಲ್ಲ ಈ ಜಾಗ ನಿನ್ನದೇ.”