ನಟನ ಹೆಂಡತಿಯ ದಣಿವು

ಹೆರಿಗೆ ಆಸ್ಪತ್ರೆಯಲ್ಲಿ ಅವಳನ್ನು ಎಲ್ಲರೂ ದೊಡ್ಡ ಸಿಸ್ಟರ್ ಎಂದು ಕರೆಯುತ್ತಿದ್ದರು. ಆಳು ದೊಡ್ಡದೇನಲ್ಲ, ವಾರ್ಡಿನಲ್ಲಿ ಅವಳಿಗಿಂತ ಹಳಬರು ಯಾರೂ ಉಳಿದಿರಲಿಲ್ಲ, ಅಷ್ಟೇ. ಗಂಡ ಸಿನಿಮಾ ನಟ. ಹಾಗೆಂದರೆ ಜನ ಮೊದಲು ಕಣ್ಣರಳಿಸುತ್ತಿದ್ದರು, ಆಮೇಲೆ ಅವನ ಮುಖ ನೋಡಿ, ಎಲ್ಲೋ ನೋಡಿದ ಹಾಗಿದೆ ಎನ್ನುತ್ತಿದ್ದರು. ನೋಡಿರುವುದೇನೋ ನಿಜ. ನಾಯಕಿಯ ತಂದೆ, ಆಪರೇಷನ್ ಮುಗಿಸಿ ಹೊರಬಂದು ತಲೆಯಾಡಿಸುವ ಡಾಕ್ಟರು, ಎಲ್ಲಕ್ಕಿಂತ ಹೆಚ್ಚಾಗಿ ನ್ಯಾಯಾಧೀಶ. ಕರಿಕೋಟು ತೊಟ್ಟು ಸುತ್ತಿಗೆ ಕುಟ್ಟಿ ಕುಟ್ಟಿ ಬೀದಿಯವರ ಬಾಯಲ್ಲಿ ಅವನ ಹೆಸರೇ ಜಡ್ಜ್ ಎಂದಾಗಿಬಿಟ್ಟಿತ್ತು. ಇವತ್ತು ಕೋರ್ಟಿಗೆ ರಜೆಯೇ ಎಂದು ತರಕಾರಿಯವನೂ ಛೇಡಿಸುತ್ತಿದ್ದ.

ರಜೆಯೇ ಹೆಚ್ಚು. ಶೂಟಿಂಗ್ ಇಲ್ಲದ ದಿನ ಜಡ್ಜ್ ನಡುಮನೆಯಲ್ಲಿ ಕೂತು ಸಿನಿಮಾ ನೋಡುತ್ತಿದ್ದ. ಹಳೆಯದು, ಹೊಸದು, ಭಾಷೆ ಬಾರದ್ದು, ಯಾವುದಾದರೂ ಸರಿ. ಅವಳು ಡ್ಯೂಟಿಯಿಂದ ಬಂದು ಒಲೆ ಹಚ್ಚಿದಳೆಂದರೆ ಹಿಂದೆಯೇ ಬಂದು ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತು ಶುರುಹಚ್ಚುತ್ತಿದ್ದ. ಆ ಹುಡುಗ ಸಾವಿನ ಸುದ್ದಿ ಕೇಳಿದ ತಕ್ಷಣ ಅಳಲಿಲ್ಲ, ಮೊದಲು ಅಂಗಿಯ ಗುಂಡಿ ಹಾಕಿಕೊಂಡ, ಅದಪ್ಪ ನಟನೆ ಅಂದರೆ. ಈ ನಾಯಕಿಗೆ ಕಣ್ಣೀರು ಸುರಿಸುವುದು ಗೊತ್ತು, ತಡೆದುಕೊಳ್ಳುವುದು ಗೊತ್ತಿಲ್ಲ. ಆ ಮುದುಕಿ ಒಂದೇ ದೃಶ್ಯದಲ್ಲಿ ಬಂದು ಇಡೀ ಚಿತ್ರವನ್ನು ನುಂಗಿ ನೀರು ಕುಡಿದಳು. ದೊಡ್ಡ ಸಿಸ್ಟರ್ ಈರುಳ್ಳಿ ಹೆಚ್ಚುತ್ತಾ ಹೂಂಗುಟ್ಟುತ್ತಿದ್ದಳು. ಅವನ ಮಾತಿನಲ್ಲಿ ಹುರುಳಿತ್ತು, ಅದು ಅವಳಿಗೂ ಗೊತ್ತು. ಒಂದು ಕಾಲದಲ್ಲಿ ಈ ಮಾತಿಗೇ ಮರುಳಾಗಿ ಅವನನ್ನು ಕಟ್ಟಿಕೊಂಡಿದ್ದಳು. ಈಗ ಅಷ್ಟು ಹೊತ್ತಿಗೆ ಕಾಲು ಮರಗಟ್ಟಿರುತ್ತಿದ್ದವು, ಕಿವಿಯಲ್ಲಿ ಇನ್ನೂ ಹಸುಗೂಸುಗಳ ಅಳು ಇರುತ್ತಿತ್ತು.

ಅವನ ಚಿತ್ರಗಳನ್ನು ಅವಳು ತಪ್ಪಿಸಿದವಳಲ್ಲ. ಎಷ್ಟೋ ಸಲ ರಾತ್ರಿಪಾಳಿ ಮುಗಿಸಿ ನೇರವಾಗಿ ಬೆಳಗಿನ ಆಟಕ್ಕೆ ಹೋಗಿ, ಕತ್ತಲಾದದ್ದೇ ತಡ ತೂಕಡಿಸಿ, ಗಂಡ ತೆರೆಯ ಮೇಲೆ ಬಂದಾಗ ಮಗಳು ಮೊಣಕೈಯಲ್ಲಿ ತಿವಿದು ಎಬ್ಬಿಸಿದ್ದುಂಟು. ಆಚೆ ಬಂದ ಮೇಲೆ ಅವನು ಹೇಗಿತ್ತು ಎಂದು ಕೇಳುತ್ತಿದ್ದ, ಅವಳು ಚೆನ್ನಾಗಿತ್ತು ಎನ್ನುತ್ತಿದ್ದಳು. ಇಬ್ಬರಿಗೂ ಅಷ್ಟು ಸಾಕಾಗಿತ್ತು.

ಹೀಗಿರುವಾಗ ಅವನಿಗೊಂದು ದೊಡ್ಡ ಪಾತ್ರ ಸಿಕ್ಕಿತು. ಹೊಸ ನಿರ್ದೇಶಕ, ಹೊಸ ಕಥೆ. ಹೆಂಡತಿ ತೀರಿಕೊಂಡು, ಮಗಳೊಬ್ಬಳನ್ನು ಸಾಕುತ್ತಾ, ಕಾರ್ಖಾನೆಯಲ್ಲಿ ಪಾಳಿ ದುಡಿಯುವ ಅಪ್ಪನ ಕಥೆ. ಅಪ್ಪನೇ ನಾಯಕ. ಜಡ್ಜ್ ಆ ತಿಂಗಳುಗಳಲ್ಲಿ ಮಾತು ಕಡಿಮೆ ಮಾಡಿದ್ದ. ಮನೆಯಲ್ಲಿ ತಣ್ಣಗಿದ್ದುದಕ್ಕೆ ಅವಳು ಸಂತೋಷವೇ ಪಟ್ಟಳು.

ಚಿತ್ರ ಬಿಡುಗಡೆಯಾದ ವಾರ, ರಜೆಯ ದಿನ, ತಾಯಿ ಮಗಳು ಮಧ್ಯಾಹ್ನದ ಆಟಕ್ಕೆ ಹೋದರು. ಆವತ್ತು ದೊಡ್ಡ ಸಿಸ್ಟರ್ ಚೆನ್ನಾಗಿ ನಿದ್ದೆ ಮಾಡಿ ಬಂದಿದ್ದಳು. ಶುರುವಾಗಿ ಸ್ವಲ್ಪ ಹೊತ್ತಿಗೆ ತೆರೆಯ ಮೇಲಿನ ಅಪ್ಪ ಪಾಳಿ ಮುಗಿಸಿ ಮನೆಗೆ ಬಂದ. ಬಾಗಿಲ ಪಕ್ಕದ ಮಂಚದ ತುದಿಗೆ ಕೂತ. ಒಂದು ಶೂ ಬಿಚ್ಚಿದ. ಇನ್ನೊಂದನ್ನು ಬಿಚ್ಚಲು ಮರೆತು, ಬಿಚ್ಚಿದ ಶೂ ತೊಡೆಯ ಮೇಲಿಟ್ಟುಕೊಂಡು ಎದುರಿನ ಗೋಡೆ ನೋಡುತ್ತಾ ಕುಳಿತ. ಹೆಬ್ಬೆರಳಿನಿಂದ ಕತ್ತಿನ ಹಿಂಭಾಗ ಒತ್ತಿಕೊಂಡ. ಒಳಗಿನಿಂದ ಮಗಳು ಊಟ ಆಯಿತಾ ಎಂದು ಕೇಳಿದ್ದಕ್ಕೆ ಏನು ಎತ್ತ ಎಂದು ತಿಳಿಯದೆ "ಹ್ಞೂಂ" ಎಂದ. ಎದ್ದು ಹೋಗಿ ಫ್ರಿಜ್ಜಿನ ಬಾಗಿಲು ತೆರೆದು, ಯಾತಕ್ಕೆ ತೆರೆದೆ ಎಂಬುದೇ ಹೊಳೆಯದೆ ಅದರ ಬೆಳಕಿನಲ್ಲಿ ನಿಂತ. ಆಮೇಲೆ ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿದ. ನೀರು ಸಣ್ಣಗೆ ಬರುತ್ತಿತ್ತು. ಅಪ್ಪ ನಲ್ಲಿಯ ಕಡೆಗೆ ಬಗ್ಗಿ, ಮಗುವನ್ನು ಪುಸಲಾಯಿಸುವವನಂತೆ, "ಬಾರಪ್ಪ, ಬಾ. ಬೇಗ ಬಂದುಬಿಡು" ಎಂದ.

ಥಿಯೇಟರಿನಲ್ಲಿ ನಗು ಹರಿಯಿತು. ಪಕ್ಕದಲ್ಲಿದ್ದ ಮಗಳೂ ನಕ್ಕಳು, ನಕ್ಕವಳು ಥಟ್ಟನೆ ನಿಲ್ಲಿಸಿ, ಕತ್ತು ಹೊರಳಿಸಿ ತಾಯಿಯ ಮುಖ ನೋಡಿದಳು. ದೊಡ್ಡ ಸಿಸ್ಟರ್ ಅಲುಗಾಡದೆ ಕೂತಿದ್ದಳು. ಮೊದಲ ಶೂ ಬಿಚ್ಚಿದಾಗಲೇ ಅವಳಿಗೆ ಗೊತ್ತಾಗಿಹೋಗಿತ್ತು. ಆ ಕತ್ತು ಅವಳದು, ಆ ಹ್ಞೂಂ ಅವಳದು, ನಲ್ಲಿಯ ಜೊತೆ ಹಾಗೆ ಮಾತಾಡುವವಳು ಈ ಭೂಮಿಯ ಮೇಲೆ ಅವಳೊಬ್ಬಳೇ ಎಂದುಕೊಂಡಿದ್ದಳು.

ಮನೆಗೆ ಬಂದ ಮೇಲೆ ಜಡ್ಜ್ ಹೇಗಿತ್ತು ಎಂದು ಕೇಳಲಿಲ್ಲ. ಅವಳ ಮುಖ ಒಮ್ಮೆ ನೋಡಿ ಪೇಪರು ಎತ್ತಿಕೊಂಡ. ಅವಳಾಗಿ ಏನೂ ಹೇಳಲಿಲ್ಲ.

ಆಮೇಲಿನ ದಿನಗಳಲ್ಲಿ ಹೇಳುವವರಿಗೇನೂ ಬರವಿರಲಿಲ್ಲ. ಇಷ್ಟು ಕಾಲ ಮೂಗು ಮುರಿಯುತ್ತಿದ್ದ ನಾದಿನಿ ಫೋನು ಮಾಡಿ, ಅಣ್ಣ ಅತ್ತದ್ದಕ್ಕಿಂತ ಅಳದೇ ಇದ್ದದ್ದು ನೋಡಿ ತನಗೆ ಅಳು ಬಂತು ಎಂದಳು. ದಣಿವನ್ನು ಹೀಗೆ ಮೈಗೆ ತೊಟ್ಟುಕೊಂಡ ನಟನನ್ನು ಇತ್ತೀಚೆಗೆ ಕಂಡಿಲ್ಲ ಎಂದು ಪತ್ರಿಕೆಯವನೊಬ್ಬ ಬರೆದ. ವಾರ್ಡಿನ ಕಿರಿಯ ನರ್ಸು ಸಿರಿಂಜು ಹಿಡಿದುಕೊಂಡೇ ಅರ್ಧ ಕಥೆ ಹೇಳಿ, ಆ ಶೂ ಬಿಚ್ಚುವ ದೃಶ್ಯದಲ್ಲಿ ತನಗೆ ತನ್ನ ಅಪ್ಪನೇ ಕಂಡ, ಎಂಥ ಅಬ್ಸರ್ವೇಷನ್ ಸಿಸ್ಟರ್, ಎಂದು ಹೊಗಳಿದಳು. ದಿನಾ ಪಾಳಿ ಮುಗಿದ ಮೇಲೆ ಅದೇ ನರ್ಸಿನ ಎದುರು ಬೆಂಚಿನ ಮೇಲೆ ದೊಡ್ಡ ಸಿಸ್ಟರ್ ಹಾಗೇ ಕತ್ತು ಒತ್ತಿಕೊಳ್ಳುತ್ತಿದ್ದಳು. ಆ ಹುಡುಗಿಗೆ ಅದು ಕಂಡಿರಲಿಲ್ಲ. ಯಾರಿಗೂ ಕಂಡಿರಲಿಲ್ಲ. ದೊಡ್ಡ ಸಿಸ್ಟರ್ ಎಲ್ಲರಿಗೂ ಥ್ಯಾಂಕ್ಸ್ ಹೇಳಿ ಹೇಳಿ ಸುಸ್ತಾದಳು.

ಒಂದು ವಿಚಿತ್ರ ತೊಂದರೆ ಶುರುವಾಯಿತು. ಮನೆಗೆ ಬಂದು ನಡುಮನೆಯ ಬಾಗಿಲ ಪಕ್ಕದ ಮಂಚದ ತುದಿಗೆ ಕೂರಲು ಅವಳಿಂದ ಆಗುತ್ತಿರಲಿಲ್ಲ. ಕೂತು ಶೂಗೆ ಕೈ ಹಾಕಿದರೆ ತಾನು ಗಂಡನನ್ನು ಅಣಕಿಸುತ್ತಿದ್ದೇನೆ ಅನ್ನಿಸುತ್ತಿತ್ತು. ಕತ್ತಿಗೆ ಹೋದ ಕೈ ಅರ್ಧಕ್ಕೇ ನಿಲ್ಲುತ್ತಿತ್ತು. ನಲ್ಲಿಯ ಮುಂದೆ ಬಾಯಿಗೆ ಬೀಗ. ಹೊಸಿಲಾಚೆ ಗೋಡೆ ಹಿಡಿದು ನಿಂತೇ ಶೂ ಬಿಚ್ಚಿ, ಸೀದಾ ಒಳಗೆ ಹೋಗಿ ಪಾತ್ರೆಗೆ ಕೈ ಹಾಕುತ್ತಿದ್ದಳು. ದುಡಿದು ಬಂದ ಮೈಯನ್ನು ಒಂದಿಷ್ಟು ಹೊತ್ತು ಇಳಿಸಲು ಇದ್ದದ್ದು ಅದೊಂದೇ ಜಾಗ. ಅದೂ ಹೋಗಿತ್ತು.

ಒಂದು ಬೆಳಿಗ್ಗೆ ರಾತ್ರಿಪಾಳಿ ಮುಗಿಸಿ ಬಂದಳು. ರಾತ್ರಿಯೆಲ್ಲ ಒಂದರ ಹಿಂದೊಂದು ಹೆರಿಗೆ, ಕೂರಲು ಪುರುಸೊತ್ತಾಗಿರಲಿಲ್ಲ. ಗೋಡೆ ಹಿಡಿದು ಒಂದು ಕಾಲೆತ್ತಿದವಳು ಜೋಲಿ ತಪ್ಪಿ ಬಾಗಿಲಿಗೆ ಭುಜ ತಾಗಿಸಿಕೊಂಡಳು. ಸದ್ದಿಗೆ ಜಡ್ಜ್ ತಿರುಗಿ ನೋಡಿದ.

"ಯಾಕೆ ನಿಂತ್ಕೊಂಡೇ ಬಿಚ್ತೀಯ? ಕೂತ್ಕೊಬಾರ್ದಾ?"

"ಎಲ್ಲಿ ಕೂತ್ಕೊಳ್ಲಿ? ಆ ಜಾಗದಲ್ಲಿ ನೀವು ಕೂತಿದ್ದೀರಲ್ಲ," ಎಂದಳು.

ಅವನು ಮಂಚದ ಮೇಲಿರಲಿಲ್ಲ, ಕುರ್ಚಿಯಲ್ಲಿದ್ದ. ಆದರೂ ಅರ್ಥವಾಯಿತು. ಟೀವಿಯಲ್ಲಿ ಓಡುತ್ತಿದ್ದ ಸಿನಿಮಾವನ್ನು ನಿಲ್ಲಿಸಿದ. ಚೆನ್ನಾಗಿರಲಿಲ್ಲವಾ ಎಂದು ಮೆಲ್ಲಗೆ ಕೇಳಿದ.

"ಚೆನ್ನಾಗಿತ್ತು. ಈ ಸಲ ನಿಜವಾಗ್ಲೂ ಹೇಳ್ತಿದ್ದೀನಿ, ನೀವು ಮಾಡಿರೋದ್ರಲ್ಲೆಲ್ಲ ಅದೇ ಚೆನ್ನಾಗಿರೋದು." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಸಿಟ್ಟಿಗೆ ಬೇಕಾದ ಕಸುವೂ ಉಳಿದಿರಲಿಲ್ಲ. "ಇಷ್ಟು ವರ್ಷ ನಿಮಗೆ ಕಾಣಲ್ಲ ಅಂದ್ಕೊಂಡಿದ್ದೆ. ಇವ್ರ ಕಣ್ಣೆಲ್ಲ ಆ ಪರದೆ ಮೇಲೆ, ಮನೆಯೊಳಗಿಂದು ಗೊತ್ತಾಗಲ್ಲ, ಪಾಪ, ಅಂತ. ಕಾಣದೇ ಇರೋರನ್ನ ಏನಂತ ಬೈಯೋದು? ಹಾಗಂತ್ಲೇ ಸುಮ್ನಿದ್ದೆ. ಆದ್ರೆ ನಿಮಗೆ ಎಲ್ಲಾ ಕಂಡಿತ್ತು. ಯಾವ ಬೆರಳಲ್ಲಿ ಕತ್ತು ಒತ್ಕೋತೀನಿ ಅನ್ನೋದೂ ಕಂಡಿತ್ತು. ಕೂತು ನೋಡಿದ್ರಿ. ಎದ್ದು ಬರ್ಲಿಲ್ಲ."

ಜಡ್ಜ್ ರಿಮೋಟು ಕೆಳಗಿಟ್ಟ. ಮಾತಿನ ಮಲ್ಲ ಅವನು, ಸುಳ್ಳು ಹೇಳಬೇಕೆಂದರೆ ಅಲ್ಲೇ ಒಂದು ದೃಶ್ಯ ಕಟ್ಟಬಲ್ಲವನು. ಕಟ್ಟಲಿಲ್ಲ. ಶೂಟಿಂಗಿನ ದಿನ ನಿರ್ದೇಶಕ, ದುಡಿದು ಬಂದಿದ್ದೀರಿ, ಕೂತ್ಕೊಳ್ಳಿ ಎಂದನಂತೆ. ಮೈ ತಾನಾಗಿ ಹಾಗೆ ಕೂತಿತಂತೆ. ಆ ಕ್ಷಣ ಅದು ಯಾರದ್ದೆಂದು ತನಗೂ ತಿಳಿದಿರಲಿಲ್ಲ, ಮನೆಗೆ ಬರುತ್ತಾ ಬಸ್ಸಿನಲ್ಲಿ ತಿಳಿಯಿತು ಎಂದ.

"ತಿಳಿದ ಮೇಲೂ ಹೇಳ್ಲಿಲ್ಲ."

"ಹೇಳ್ಲಿಲ್ಲ," ಎಂದು ಒಪ್ಪಿಕೊಂಡ. "ಎದ್ದು ಬರಬೇಕು ಅಂತ ನನಗೆ ಹೊಳೀಲೇ ಇಲ್ಲ ಕಣೆ. ನೀನು ಹಾಗೆ ಕೂತಿದ್ದಾಗ, ಎಷ್ಟು ನಿಜವಾಗಿದೆ ಅನ್ನಿಸ್ತಿತ್ತು. ಅಷ್ಟೇ ಅನ್ನಿಸ್ತಿತ್ತು," ಎಂದ.

ದೊಡ್ಡ ಸಿಸ್ಟರಿಗೆ ನಗು ಬಂತು. ಅಳುವುದಕ್ಕಿಂತ ಅದು ಸುಲಭವಾಗಿತ್ತು. ಒಳಗೆ ಹೋಗಿ, ಇನ್ನೊಂದು ಕಾಲಿನ ಶೂ ಹಾಗೇ ಇಟ್ಟುಕೊಂಡು ಮಲಗಿಬಿಟ್ಟಳು.

ಮಾರನೆಯ ದಿನದಿಂದ ಜಡ್ಜ್ ಮನೆಗೆಲಸಕ್ಕೆ ನಿಂತ. ಬಟ್ಟೆ ಒಣಹಾಕಿದ, ನೆಲ ಒರೆಸಿದ, ಅವಳು ಬರುವ ಹೊತ್ತಿಗೆ ಬಾಗಿಲಲ್ಲಿ ನಿಂತು ಚೀಲ ಇಸಿದುಕೊಂಡ. ಅಪ್ಪನಿಗೆ ಒಳ್ಳೆಯ ರೋಲ್ ಸಿಕ್ಕಿದೆ ಎಂದು ಮಗಳು ನಗಾಡಿದಳು. ದೊಡ್ಡ ಸಿಸ್ಟರಿಗೆ ಅದೇ ಕಿರಿಕಿರಿ. ಒಂದು ಲೋಟ ತೊಳೆದರೂ ಓರೆಗಣ್ಣಲ್ಲಿ ಇವಳ ಮುಖ ನೋಡುತ್ತಿದ್ದ, ಹೇಗಿತ್ತು ಎಂದು ಕೇಳುವವನಂತೆ. ತಾನು ಇನ್ನೂ ಪಾಸು ಕೊಟ್ಟು ಕೂರಿಸಿದ ಪ್ರೇಕ್ಷಕಳೇ ಎಂದು ಅವಳಿಗೆ ಬೇಸರವಾಗುತ್ತಿತ್ತು. ಮಾಡುವುದಿದ್ದರೆ ಮಾಡಿ, ನನ್ನ ಮುಖ ನೋಡಬೇಡಿ ಎಂದು ಒಂದು ದಿನ ಹೇಳಿಯೇಬಿಟ್ಟಳು. ಅವನು ತಲೆತಗ್ಗಿಸಿ ಲೋಟ ತೊಳೆದ.

ಅದೇ ವಾರ ಅವನ ಸಂದರ್ಶನಕ್ಕೆಂದು ಒಬ್ಬಳು ಹುಡುಗಿ, ಕ್ಯಾಮೆರಾದವನೊಬ್ಬನನ್ನು ಕರೆದುಕೊಂಡು ಬೆಳಿಗ್ಗೆ ಮನೆಗೆ ಬಂದಳು. ನಡುಮನೆಯಲ್ಲಿ ದೀಪ ನಿಲ್ಲಿಸಿ, ಕುರ್ಚಿ ಸರಿಸಿ, ಕೇಳುವುದೆಲ್ಲ ಕೇಳಿ ಮುಗಿಯುವಷ್ಟರಲ್ಲಿ ದೊಡ್ಡ ಸಿಸ್ಟರ್ ಪಾಳಿ ಮುಗಿಸಿ ಒಳಗೆ ಕಾಲಿಟ್ಟಳು. ಹುಡುಗಿಗೆ ಹಬ್ಬವಾಯಿತು. ಮೈಕು ಇವಳ ಕಡೆ ತಿರುಗಿಸಿ, ಮನೆಯವರ ಅಭಿನಯ ನೋಡಿ ಏನನ್ನಿಸಿತು ಎಂದು ಕೇಳಿದಳು.

ಜಡ್ಜ್ ಕುರ್ಚಿಯಲ್ಲಿ ನೆಟ್ಟಗಾದ. ಅವನ ಮುಖದಲ್ಲಿ ಹೆದರಿಕೆ ಕಂಡಿತು. ಒಂದು ಮಾತು ಆಡಿದರೆ ಸಾಕಿತ್ತು. ನಾಲ್ಕು ಜನರ ಮುಂದೆ ಅವನ ಮಾನ ಹರಾಜಾಗುತ್ತಿತ್ತು. ಆ ಮಾತು ಅವಳ ನಾಲಿಗೆಯ ತುದಿಯಲ್ಲಿ ಇತ್ತು ಕೂಡ. ಆದರೆ ಆಡಿದ ಮೇಲೆ ಬರುವ ಪ್ರಶ್ನೆಗಳನ್ನು ನೆನೆದೇ ಅವಳಿಗೆ ಆಯಾಸವಾಯಿತು. "ಚೆನ್ನಾಗಿತ್ತು," ಎಂದಳು.

"ಅದು ಇವಳದು," ಎಂದ ಜಡ್ಜ್.

ಹುಡುಗಿ ಅರ್ಥವಾಗದೆ ಅವನತ್ತ ನೋಡಿದಳು. ಅವನು ಮುಂದುವರಿಸಿದ: ಕೂರುವುದು, ಕತ್ತು ಒತ್ತಿಕೊಳ್ಳುವುದು, ನಲ್ಲಿಯ ಜೊತೆಗಿನ ಮಾತು, ಯಾವುದೂ ತನ್ನದಲ್ಲ. ಎಷ್ಟೋ ವರ್ಷ ದುಡಿದು ಬಂದವಳನ್ನು ಕುರ್ಚಿಯಲ್ಲಿ ಕೂತು ನೋಡಿದೆ, ನೋಡಿದ್ದನ್ನು ತೆಗೆದುಕೊಂಡು ಹೋಗಿ ಚಪ್ಪಾಳೆ ಗಿಟ್ಟಿಸಿಕೊಂಡೆ, ಅವಳನ್ನು ಕೇಳಲಿಲ್ಲ, ಅವಳಿಗೊಂದು ಕೈ ಆಸರೆಯನ್ನೂ ಕೊಡಲಿಲ್ಲ.

ಹುಡುಗಿಯ ಕಣ್ಣು ಹೊಳೆದವು. ಎಷ್ಟು ಚೆಂದ, ಎಂಥ ಪ್ರೀತಿ ಎಂದಳು. ಕ್ಯಾಮೆರಾದವನಿಗೆ ಸನ್ನೆ ಮಾಡಿ, ದೊಡ್ಡ ಸಿಸ್ಟರಿಗೆ ಮಂಚ ತೋರಿಸಿ, "ಮೇಡಂ, ಒಂದೇ ಒಂದು ಸಲ, ಹಾಗೇ ಕೂತು ಶೂ ಬಿಚ್ಚಿ ತೋರಿಸ್ತೀರಾ? ಸಿನಿಮಾದಲ್ಲಿ ಇದ್ದ ಹಾಗೆ," ಎಂದು ಕೇಳಿಕೊಂಡಳು.

ದೊಡ್ಡ ಸಿಸ್ಟರ್ ಮಂಚ ನೋಡಿದಳು, ದೀಪ ನೋಡಿದಳು. ನನಗೆ ಬರುವುದಿಲ್ಲಮ್ಮ ಎಂದಳು. ಹುಡುಗಿ ಬಿಡಲಿಲ್ಲ, ನಾಚಿಕೊಳ್ಳಬೇಡಿ ಎಂದು ಕೈ ಹಿಡಿದಳು.

ಅಷ್ಟರಲ್ಲಿ ಜಡ್ಜ್ ಎದ್ದು ಬಂದು ಅವರಿಬ್ಬರ ನಡುವೆ ನಿಂತ. "ಬೇಡ. ಅವಳಿಗೆ ಸುಸ್ತಾಗಿದೆ. ರಾತ್ರಿಯೆಲ್ಲ ನಿಂತಿದ್ದು ಬಂದಿದ್ದಾಳೆ, ಮಲಗ್ಲಿ. ನೀವು ದೀಪ ಆರಿಸಿ." ಈ ಸಲ ಅವನು ಹೆಂಡತಿಯ ಮುಖ ನೋಡಲಿಲ್ಲ. ಕ್ಯಾಮೆರಾದವನ ವೈರು ಸುತ್ತುವುದಕ್ಕೆ ತಾನೇ ಬಗ್ಗಿದ.

ಅವಳು ಒಳಗೆ ಹೋಗಿ ಬಾಗಿಲು ಅರ್ಧ ಮುಚ್ಚಿ, ಹಾಸಿಗೆಯ ಮೇಲೆ ಬಿದ್ದುಕೊಂಡಳು. ದಣಿವೇನೂ ಕಡಿಮೆಯಾಗಿರಲಿಲ್ಲ. ಗಂಡನ ಮೇಲಿನ ಬೇಸರವೂ ಪೂರ್ತಿ ಹೋಗಿರಲಿಲ್ಲ. ಅಷ್ಟು ವರ್ಷದ್ದು ಒಂದು ಮಾತಿಗೆ ಕರಗುತ್ತದೆಂದು ಅವಳೇನೂ ನಂಬಿದವಳಲ್ಲ. ಆಚೆ ಮೆಟ್ಟಿಲಿನಲ್ಲಿ ಮೆಲ್ಲಗೆ ಇಳಿಯಿರಿ ಎಂದು ಅವನು ಬಂದವರಿಗೆ ಪಿಸುದನಿಯಲ್ಲಿ ಹೇಳುತ್ತಿದ್ದುದು ಕೇಳಿಸಿತು. ಆಮೇಲೆ ಅಡುಗೆಮನೆಯಲ್ಲಿ ಡಬ್ಬಿಗಳು ಒಂದಾದ ಮೇಲೊಂದು ತೆರೆದು ಮುಚ್ಚಿದವು. ಏನನ್ನೋ ಹುಡುಕುತ್ತಿದ್ದ, ಸಿಗುತ್ತಿರಲಿಲ್ಲ. ಒಂದು ಮುಚ್ಚಳ ಬಿದ್ದು ಉರುಳಿ ನಿಂತಿತು. ಅವನು ಅವಳನ್ನು ಕೂಗಿ ಕೇಳಲಿಲ್ಲ. ಅವನು ಹುಡುಕುತ್ತಿರುವುದು ಯಾವ ಡಬ್ಬಿಯಲ್ಲಿದೆ ಎಂದು ಅವಳಿಗೆ ಗೊತ್ತಿತ್ತು. ಹೇಳಲಿಲ್ಲ. ಮಗ್ಗುಲಾಗಿ, ಗೋಡೆಯ ಕಡೆ ಮುಖ ಮಾಡಿ, ನಿದ್ದೆ ಹೋದಳು.