ಬಲದಿಂದ ಮೊದಲನೆಯದು

ಏಲಕ್ಕಿಯ ಪರಿಮಳ ಮೊದಲು ಮೆಟ್ಟಿಲು ಹತ್ತುತ್ತದೆ, ಆಮೇಲೆ ಚಪ್ಪಲಿಯ ಸದ್ದು, ಖಲ್ಫಾನನೇ, ಇನ್ಯಾರು, ಬೆಳಿಗ್ಗೆಯೇ ತನ್ನೂರು ರುಸ್ತಾಕ್ ಬಿಟ್ಟಿರಬೇಕು ಮುದುಕ, ಕೈಯಲ್ಲಿ ಕಾಫಿಯ ಕೆಂಪು ಫ್ಲಾಸ್ಕು, ಜೇಬಿನಲ್ಲಿ ಹಿಡಿಯಿಲ್ಲದ ಎರಡು ಪುಟ್ಟ ಕಪ್ಪು — ಕ್ಯಾಸೆಟ್ ವಾಪಸು ಒಯ್ಯಲು ಬರುತ್ತೇನೆ ಎಂದಿದ್ದನಲ್ಲ, ಇವತ್ತೇ ಆಗಬೇಕಿತ್ತೇ, ಗಂಟೆ ಹನ್ನೆರಡೂವರೆ, ಒಂದಕ್ಕೆ ಟೆಲೆಕ್ಸ್ ಹೋಗಬೇಕು, ಒಮಾನಿನ ಹಾಡು ಯಾವುದೆಂದು ಟ್ಯೂನಿಸಿನವರಿಗೆ ತಿಳಿಸಲು ಇವತ್ತೇ ಕೊನೆ, ಅರಬ್ ದೇಶಗಳ ಹಾಡಿನ ಸ್ಪರ್ಧೆ, ದೇಶಕ್ಕೊಂದೇ ಹಾಡು, ಇಲ್ಲಿಯ ಆಯ್ಕೆಯ ಕಾಗದಪತ್ರವೆಲ್ಲ ನಮ್ಮ ಆಫೀಸಿನದು, ಆ ಹಾಡು ಖಲ್ಫಾನನದು, ನನಗೆ ಗೊತ್ತು, ಇಸ್ಮಾಯಿಲನಿಗೆ ಗೊತ್ತು, ಮ್ಯಾನೇಜರ್ ಮೂರ್ತಿ ಸಾರ್‌ಗೆ ಗೊತ್ತು, ಖಲ್ಫಾನನಿಗೆ ಮಾತ್ರ ಗೊತ್ತಿಲ್ಲ. ಟೆಲೆಕ್ಸ್ ಯಂತ್ರಕ್ಕೆ ಹಾಕಲು ನಾನು ತೂತು ಹೊಡೆದಿಟ್ಟ ಕಾಗದದ ಪಟ್ಟಿಯಲ್ಲಿ ಬೇರೆ ಹೆಸರಿದೆ. ಅಲ್ ಖುವೈರಿನ ಹೆದ್ದಾರಿಯ ಗದ್ದಲ ಕಿಟಕಿ ಮುಚ್ಚಿದರೂ ಒಳಗೆ ಬರುತ್ತದೆ, ಏಸಿಯ ನೀರು ಹಾಲಿನ ಪುಡಿಯ ಡಬ್ಬಕ್ಕೆ ತೊಟ್ಟಿಕ್ಕುತ್ತದೆ, ಸಲಾಂ ಸೇಸಬ್ಬ, ಬಂದೇಬಿಟ್ಟ, ಅವರ ಭಾಷೆಯಲ್ಲಿ ಪ ಇಲ್ಲ, ನಾಲ್ಕು ವರ್ಷದಿಂದ ಈ ದೇಶದಲ್ಲಿ ಸೇಸಪ್ಪನಾದ ನಾನು ಸೇಸಬ್ಬ.

ಕುಳಿತ, ಸುರಿದ, ಕೊಟ್ಟ. ಮೊದಲ ಸಲ ಕ್ಯಾಸೆಟ್ ತಂದ ದಿನ ಹೀಗೇ ಕೊಟ್ಟಿದ್ದ, ಕುಡಿದು ಮುಗಿಸಿದರೆ ಮತ್ತೆ ಸುರಿಯುತ್ತಾನೆ, ಬೇಡ ಎನ್ನಲು ದಾಕ್ಷಿಣ್ಯ, ಒಂಬತ್ತು ಕಪ್ಪು ಕುಡಿದೆ, ಕಡೆಗೆ ಅವನೇ ನಕ್ಕು ನನ್ನ ಮಣಿಕಟ್ಟು ಹಿಡಿದು ಕಪ್ಪನ್ನು ಅತ್ತಿತ್ತ ಅಲ್ಲಾಡಿಸಿ ತೋರಿಸಿದ, ಹೀಗೆ ಮಾಡಿದರೆ ಬಸ್, ಖಲಾಸ್, ಬಾಯಲ್ಲಿ ಹೇಳುವುದಲ್ಲ. ಆ ದಿನವೇ ಗಂಟಲು ಮುಟ್ಟಿ ತೋರಿಸಿದ್ದ, ಒಳಗೆ ಗಡ್ಡೆ, ಮಸ್ಕತ್ತಿನ ಡಾಕ್ಟರು ಹೇಳಿದ್ದಾರಂತೆ, ಅವನ ಮುರುಕು ಹಿಂದಿಯಲ್ಲಿ, ಆಪರೇಷನ್ ಆದ ಮೇಲೆ ಬೋಲೇಗಾ, ಗಾಯೇಗಾ ನಹೀಂ, ಮಾತು ಬರುತ್ತದೆ, ಹಾಡು ಬರುವುದಿಲ್ಲ. ಟ್ಯೂನಿಸಿಗೆ ಹೋಗುವುದಾದರೆ ಮುಂದೂಡುತ್ತೇನೆ, ಇಲ್ಲವಾದರೆ ಸುಮ್ಮನೆ ಯಾಕೆ ಕಾಯುವುದು ಎಂದಿದ್ದ. ಹಳ್ಳಿಯ ಕಾಲುವೆಗೆ ನೀರು ಬಿಡುವ ಹಾಡು ಅವನದು, ನಾನು ಆ ಕ್ಯಾಸೆಟ್ ಹಾಕಿ ಕೇಳಿದೆ, ಒಂದು ಪದವೂ ತಿಳಿಯಲಿಲ್ಲ, ಆದರೂ ನೇಜಿ ನೆಡುವಾಗ ಮೊಣಕಾಲುದ್ದ ಕೆಸರಿನಲ್ಲಿ ಅಮ್ಮ ಹಾಡುತ್ತಿದ್ದದ್ದು ಕಿವಿಗೆ ಬಂತು, ಮೇಜಿನ ಮುಂದೆ ಕೂತು ಅತ್ತೆ, ನಾಚಿಕೆಯೇನಿಲ್ಲ, ಅತ್ತೆ.

ಅಂಥವನ ಹಾಡನ್ನು ಕೊಂದವನು ನಾನೇ. ಆರು ಕ್ಯಾಸೆಟ್, ಐವರು ತೀರ್ಪುಗಾರರು, ಯಾರ ಹಾಡೆಂದು ತಿಳಿಯಬಾರದೆಂದು ಕಾಗದದಲ್ಲಿ ಹೆಸರಿಲ್ಲ, ಹಾಡು ಕೇಳಿಸಿದ ಕ್ರಮದಲ್ಲಿ ಆರು ಕಾಲಂ ಅಷ್ಟೆ, ಎಲ್ಲ ಅರಬಿಯಲ್ಲಿ, ಅದನ್ನು ಇಂಗ್ಲಿಷಿನಲ್ಲಿ ಟೈಪು ಮಾಡುವುದು ನನ್ನ ಕೆಲಸ. ಅರಬಿ ಅಂಕೆ ನನಗೆ ಬರುತ್ತದೆ ಎಂಬ ಜಂಬ ಬೇರೆ. ಅಕ್ಷರ ಬಲದಿಂದ ಎಡಕ್ಕೆ, ಅದೂ ಗೊತ್ತು, ಆದರೆ ಅಂಕೆ ನಮ್ಮ ಹಾಗೇ, ನಲವತ್ತೇಳು ಬರೆದರೆ ಎಡಗಡೆ ನಾಲ್ಕು, ಬಲಗಡೆ ಏಳು, ಅಂಕೆ ಎಡದಿಂದ ಓದುತ್ತ ಓದುತ್ತ ಕಾಲಂಗಳನ್ನೂ ಎಡದಿಂದಲೇ ಓದಿಬಿಟ್ಟೆ. ಮೊದಲನೆಯ ಹಾಡಿನ ನಲವತ್ತೇಳು ಆರನೆಯದಕ್ಕೆ ಹೋಯಿತು, ಆರನೆಯದರ ಇಪ್ಪತ್ತೊಂದು ಮೊದಲನೆಯದಕ್ಕೆ. ಖಲ್ಫಾನನದು ಮೊದಲನೆಯದು. ತೀರ್ಪುಗಾರರ ಅಧ್ಯಕ್ಷರು ಕೆಳಗಿನ ಮೊತ್ತದ ಸಾಲು ನೋಡಿ ಸಹಿ ಹಾಕಿದರು, ತೀರ್ಪುಗಾರರು ಒಬ್ಬೊಬ್ಬರೂ ಉಳಿದವರಿಗೆ ಹಿಡಿಸಲಿಲ್ಲ ಎಂದುಕೊಂಡಿರಬೇಕು, ಯಾರೂ ಕೇಳಲಿಲ್ಲ. ನಿನ್ನೆ ಆ ಅರಬಿ ಕಾಗದ ಫೈಲಿಗೆ ಹಾಕುವಾಗ ಬಲತುದಿಯ ಕಾಲಂ ಮೇಲೆ ಪೆನ್ಸಿಲಿನ ಗೀಚು ಕಂಡಿತು, ನಮ್ಮ ಡ್ರೈವರ್ ಇಸ್ಮಾಯಿಲನನ್ನು ಕರೆದೆ, ಉಳ್ಳಾಲದವನು, ಮದ್ರಸದಲ್ಲಿ ಓದಿದವನು, ನೀರಿನ ಹಾಡು ಅಂತ ಬರ್ದಿದ್ದಾರೆ ಸೇಸಪ್ಪಣ್ಣ ಎಂದ, ಅದು ಕೊನೇದಲ್ವಾ ಎಂದೆ, ಎಂತ ಮಾರ್ರೆ, ಅರಬಿ ಬಲದಿಂದ ಅಲ್ವಾ ಶುರು, ಇದೇ ಮೊದಲ್ನೇದು.

ಮ್ಯಾನೇಜರ್ ಶ್ರೀನಿವಾಸಮೂರ್ತಿಯವರಿಗೆ ಹೇಳಿದೆ, ಹೇಳದೆ ಇರಲಿಲ್ಲ, ಅದೊಂದು ನನ್ನ ಲೆಕ್ಕಕ್ಕೆ ಇರಲಿ. ಕನ್ನಡಕ ತೆಗೆದು ಒರೆಸಿದರು, ಮೈಸೂರಿನ ಮೆತ್ತಗಿನ ದನಿ, ರಿಸಲ್ಟ್ ಹೇಳಿ ಆಗಿದೆ ಕಣಯ್ಯಾ, ಆ ಇನ್ನೊಬ್ಬ ಹುಡುಗನ ಟಿಕೆಟ್ಟೂ ಬಂದಿದೆ, ಈಗ ಕಾಲಂ ತಿರುಗಾಮುರುಗಾ ಆಯ್ತು ಅಂದ್ರೆ ನಿನ್ನೂ ವಿಮಾನ ಹತ್ತಿಸ್ತಾರೆ, ಸೈನ್ ಮಾಡ್ಸಿದ ನನ್ನೂ ಹತ್ತಿಸ್ತಾರೆ, ನಿಮ್ಮನೆಯವರ ವೀಸಾ ಕಾಗದ ನನ್ ಡ್ರಾಯರಲ್ಲಿದೆ ಗೊತ್ತಲ್ಲ. ಗೊತ್ತು. ಮದುವೆಯಾಗಿ ಮೂರು ವರ್ಷ, ಉಮಾವತಿಯ ಜೊತೆ ಇದ್ದದ್ದು ನಲವತ್ತು ದಿನ, ಈ ಸಲ ಆಗದಿದ್ದರೆ ನೀವು ಅಲ್ಲಿಯೇ ಇರಿ, ನಾನು ಇಲ್ಲಿಯೇ ಇರ್ತೇನೆ ಎಂದು ಬರೆದಿದ್ದಾಳೆ, ವೀಸಾಕ್ಕೆ ಹೊಣೆ ನಿಲ್ಲುವ ಅರಬ್ ಮಾಲೀಕ, ಕಫೀಲ, ಅವನ ಸಹಿ ಒಂದು ಬಾಕಿ, ಒಂದೇ ಒಂದು.

ಕುಡಿ ಸೇಸಬ್ಬ. ಕುಡಿದೆ. ಕಪ್ಪು ಅಲ್ಲಾಡಿಸಲಿಲ್ಲ. ಮತ್ತೆ ಸುರಿದ. ಶನಿವಾರ ಆಸ್ಪತ್ರೆಗೆ ಸೇರುತ್ತಾನಂತೆ, ಇನ್ನು ಕಾಯುವುದು ಯಾತಕ್ಕೆ, ನಸೀಬು, ನಿನಗೆ ಬೇಸರವಾ ಸೇಸಬ್ಬ, ನೀನೇನು ಮಾಡ್ತೀಯ, ನೀನು ಬರೀ ಟೈಪು ಮಾಡುವವನು. ಬರೀ ಟೈಪು ಮಾಡುವವನು. ಕ್ಯಾಸೆಟ್ಟನ್ನು ಒರೆಸಿ ಎದೆಯ ಜೇಬಿಗಿಟ್ಟ, ನಾನು ಕುಡಿದೆ, ಅಲ್ಲಾಡಿಸಲಿಲ್ಲ, ಅಲ್ಲಾಡಿಸುವವರೆಗೆ ಸುರಿಯುತ್ತಾನೆ, ಸುರಿಯುವವರೆಗೆ ಕೂತಿರುತ್ತಾನೆ, ಕೂತಿರುವವರೆಗೆ ಹೇಳಬಹುದು, ಒಂದಕ್ಕೆ ಹತ್ತು ನಿಮಿಷ, ಇನ್ನೊಂದು ಕಪ್ಪು, ಒಂದಕ್ಕೆ ಐದು, ಹೇಳುತ್ತೇನೆ, ಬಲದಿಂದ ಮೊದಲನೆಯದು ನಿನ್ನದು ಎಂದರೆ ಸಾಕು, ಡಾಕ್ಟರಿಗೆ ಬೇಡ ಹೇಳು ಎಂದರೆ ಸಾಕು, ಉಮಾವತಿ, ಹೇಳಿಬಿಡುತ್ತೇನೆ, ಬಾಯಿ ತೆರೆದೆ, ಖಲ್ಫಾನ್ ಎಂದೆ, ಅವನು ನನ್ನ ಮುಖ ನೋಡಲಿಲ್ಲ, ಕೈ ನೋಡಿದ, ಕೈ ನಡುಗುತ್ತಿತ್ತು, ಕೈಯಲ್ಲಿದ್ದ ಕಪ್ಪು ಅತ್ತಿತ್ತ ಅಲ್ಲಾಡುತ್ತಿತ್ತು, ಓ, ಬಸ್, ಖಲಾಸ್ ಎಂದು ನಕ್ಕು ಫ್ಲಾಸ್ಕಿನ ಮುಚ್ಚಳ ತಿರುಗಿಸಿದ, ನನ್ನ ಭುಜ ತಟ್ಟಿದ, ಆ ಕಪ್ಪು ನೀನೇ ಇಟ್ಟುಕೋ ಎಂದ — ಹಾಗಲ್ಲ, ನಾನು ಅಲ್ಲಾಡಿಸಿದ್ದಲ್ಲ, ತಾನಾಗಿ — ಚಪ್ಪಲಿಯ ಸದ್ದು ಮೆಟ್ಟಿಲು ಇಳಿಯುತ್ತದೆ, ಸೇಸಪ್ಪಾ, ಟೆಲೆಕ್ಸ್ ಹೋಯ್ತೇನಯ್ಯಾ, ಒಳಗಿನಿಂದ ಮೂರ್ತಿ ಸಾರ್, ಹೋಯ್ತು ಸಾರ್, ಬಲಗೈ ಗುಂಡಿ ಒತ್ತಿದೆ, ಪಟ್ಟಿ ಕಟಕಟನೆ ಒಳಗೆ ಹೋಗುತ್ತಿದೆ, ಎಡಗೈಯಲ್ಲಿ ಕಪ್ಪು, ಖಾಲಿ ಕಪ್ಪು, ಇನ್ನೂ ಅಲ್ಲಾಡುತ್ತಿದೆ.